39 ಡಾಲರ್ 60 ಸೆಂಟ್

ನಮ್ಮ ಮನೆಯ ಪಡಸಾಲೆಯಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಏಳೆಂಟು ಮಂದಿ ಸೇರಿ ಹಳೆಯ ಸಿನಿಮಾ ನೋಡುತ್ತೇವೆ. ಚಿತ್ರ ಆರಿಸುವ ಸರದಿ ಒಬ್ಬೊಬ್ಬರದು. ನನ್ನ ಸರದಿ ಬಂದಾಗ ಯಾವ ಚಿತ್ರವೆಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’. ಹೊಸಬರು ಯಾರಾದರೂ ಬಂದಿದ್ದರೆ, ಮುಗಿದ ಮೇಲೆ ಕಾಫಿಯ ಲೋಟ ಹಿಡಿದುಕೊಂಡು ಸಂಕೋಚದಿಂದ ಹತ್ತಿರ ಬರುತ್ತಾರೆ. “ಸರ್, ಚೆನ್ನಾಗಿದೆ. ಆದರೆ ಬಸ್ಸಿನಲ್ಲಿ ಹೋಗುವ ಇಬ್ಬರು ಜಗಳವಾಡುತ್ತಾರೆ, ಕೊನೆಗೆ ಒಂದಾಗುತ್ತಾರೆ. ಇಂಥ ಕಥೆ ಆಮೇಲೆ ಸಾವಿರ ಬಂದಿದೆಯಲ್ಲ? ಇದನ್ನೇ ಯಾಕೆ ಹಿಡಿದುಕೊಂಡಿದ್ದೀರಿ?”

ನನ್ನ ಹೆಂಡತಿ ಇದೇ ಪ್ರಶ್ನೆಯನ್ನು ಬೇರೆ ಥರ ಕೇಳುತ್ತಾಳೆ. ಜೀವಮಾನವೆಲ್ಲ ಲೆಕ್ಕ ಬರೆದ ಮನುಷ್ಯನಿಗೆ ಪ್ರೇಮದ ಸಿನಿಮಾದ ಹುಚ್ಚು ಎಲ್ಲಿಂದ ಹತ್ತಿತು ಎಂದು. ಅವಳ ಪ್ರಶ್ನೆಯಲ್ಲೇ ಉತ್ತರವಿದೆ ಎನ್ನುವುದು ಅವಳಿಗೆ ಗೊತ್ತಿಲ್ಲ. ಸಹಕಾರ ಸಂಘವೊಂದರಲ್ಲಿ ಮೂವತ್ತೊಂದು ವರ್ಷ ನಗದು ಪುಸ್ತಕ, ಲೆಡ್ಜರ್, ರಸೀದಿ, ವೋಚರುಗಳ ನಡುವೆ ಕಳೆದವನು ನಾನು. ಈ ಚಿತ್ರವನ್ನು ನಾನು ನೋಡುವುದೇ ಒಂದು ಬಿಲ್ಲಿಗೋಸ್ಕರ.

ಬಿಲ್ಲು ಬರುವುದು ಚಿತ್ರದ ಕೊನೆಯ ಭಾಗದಲ್ಲಿ. ಕೋಟ್ಯಧೀಶ ಆಂಡ್ರೂಸನ ಮಗಳ ಮದುವೆಯ ದಿನ. ಹೊರಗೆ ತೋಟದಲ್ಲಿ ಅತಿಥಿಗಳು ನೆರೆದಿದ್ದಾರೆ. ಒಳಗೆ ಓದುವ ಕೋಣೆಗೆ ಒಬ್ಬ ಕೆಲಸ ಕಳೆದುಕೊಂಡ ಪತ್ರಕರ್ತ ಬಂದು ನಿಂತಿದ್ದಾನೆ. ಓಡಿಹೋಗಿದ್ದ ಈ ಮಗಳನ್ನು ಹುಡುಕಿಕೊಟ್ಟವರಿಗೆ ಹತ್ತು ಸಾವಿರ ಡಾಲರ್ ಬಹುಮಾನವೆಂದು ಅಪ್ಪ ಪತ್ರಿಕೆಗಳಲ್ಲಿ ಸಾರಿದ್ದ. ಅದನ್ನು ವಸೂಲು ಮಾಡಲು ಬಂದ ಆಸಾಮಿ ಎಂದು ಅಪ್ಪನೂ ತಿಳಿದಿದ್ದಾನೆ, ಮಗಳೂ ತಿಳಿದಿದ್ದಾಳೆ. ಪತ್ರಕರ್ತ ಒಂದು ಕಾಗದ ಕೊಡುತ್ತಾನೆ. ಆಂಡ್ರೂಸ್ ಓದುತ್ತಾನೆ. ನಗದು ಖರ್ಚು 8 ಡಾಲರ್ 60 ಸೆಂಟ್. ಮೇಲಂಗಿ 15. ಸೂಟ್‌ಕೇಸು 7.50. ಟೋಪಿ 4. ಮೂರು ಶರ್ಟು 4.50. ಒಟ್ಟು 39 ಡಾಲರ್ 60 ಸೆಂಟ್. ಪೆಟ್ರೋಲಿನ ದುಡ್ಡಿಗಾಗಿ ಮೈಮೇಲಿನದ್ದನ್ನೂ ಕೈಯಲ್ಲಿದ್ದದ್ದನ್ನೂ ಮಾರಬೇಕಾಯಿತು, ಅದನ್ನು ಕೊಟ್ಟುಬಿಡಿ. ಇಷ್ಟೇ ಬೇಡಿಕೆ.

ಹತ್ತು ಸಾವಿರದ ಜೊತೆಗೆ ಇದೂ ಬೇಕೋ ಎಂದು ಅಪ್ಪ ಕೇಳುತ್ತಾನೆ. ಯಾವ ಹತ್ತು ಸಾವಿರ ಎಂದು ಇವನು ತಿರುಗಿ ಕೇಳುತ್ತಾನೆ.

ನಾನು ನೋಡಿದ ಪ್ರೇಮದ ಚಿತ್ರಗಳಲ್ಲಿ ಪ್ರೇಮ ನಿವೇದನೆಗೆ ಹೂವು ಕೊಟ್ಟವರಿದ್ದಾರೆ, ಉಂಗುರ ಕೊಟ್ಟವರಿದ್ದಾರೆ, ಬೆಟ್ಟದ ತುದಿಗೆ ಹೋಗಿ ಕೂಗಿದವರಿದ್ದಾರೆ. ಪ್ರವಾಸ ಭತ್ಯೆಯ ಬಿಲ್ಲು ಕೊಟ್ಟವನು ಇವನೊಬ್ಬನೇ. ಅದೂ ಹುಡುಗಿಯ ಅಪ್ಪನಿಗೆ! ಆದರೂ ಆ ಕಾಗದವನ್ನು ಓದುತ್ತ ಓದುತ್ತ ಆ ಮುದುಕನ ಮುಖ ಅರಳುವುದನ್ನು ನೋಡಬೇಕು. ಅವನು ವ್ಯವಹಾರಸ್ಥ. ಅಂಕಿಗಳ ಹಿಂದೆ ಏನಿದೆ ಎಂದು ಓದಲು ಬಲ್ಲವನು. ಮರುಕ್ಷಣವೇ ಅವನು ಕೇಳುವ ಪ್ರಶ್ನೆ, ನನ್ನ ಮಗಳನ್ನು ಪ್ರೀತಿಸುತ್ತೀಯಾ ಎಂದು.

ಕಥೆ ತಿಳಿಯದವರಿಗಾಗಿ ಎರಡು ಮಾತು. ಎಲೀ ಆಂಡ್ರೂಸ್ ಎಂಬ ಶ್ರೀಮಂತರ ಮಗಳು ಅಪ್ಪನಿಗೆ ತಿಳಿಯದಂತೆ ಒಬ್ಬ ವಿಮಾನ ಹಾರಿಸುವ ಷೋಕಿದಾರನನ್ನು ಮದುವೆಯಾಗಿದ್ದಾಳೆ. ಅಪ್ಪ ಅವಳನ್ನು ಮಯಾಮಿಯಲ್ಲಿ ತನ್ನ ವಿಹಾರ ನೌಕೆಯಲ್ಲಿ ಕೂಡಿ ಹಾಕುತ್ತಾನೆ. ಅವಳು ನೀರಿಗೆ ಹಾರಿ ಈಜಿ ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಹೋಗುವ ರಾತ್ರಿ ಬಸ್ಸು ಹತ್ತುತ್ತಾಳೆ. ಪಕ್ಕದ ಸೀಟಿಗೆ ಸಿಗುವವನು ಪೀಟರ್ ವಾರ್ನ್, ಅದೇ ತಾನೇ ಸಂಪಾದಕನಿಂದ ಬೈಸಿಕೊಂಡು ಕೆಲಸ ಕಳೆದುಕೊಂಡ ವರದಿಗಾರ. ಇವಳು ಯಾರೆಂದು ಅವನಿಗೆ ತಿಳಿಯುತ್ತದೆ. ನಿನ್ನನ್ನು ಗಂಡನ ಬಳಿ ಮುಟ್ಟಿಸುತ್ತೇನೆ, ನಿನ್ನ ಕಥೆ ನನಗೆ ಕೊಡು ಎಂಬ ಕರಾರು ಆಗುತ್ತದೆ. ಉಳಿದದ್ದು ದಾರಿ.

ಕ್ಲಾರ್ಕ್ ಗೇಬಲ್ ಮತ್ತು ಕ್ಲಾಡೆಟ್ ಕೋಲ್ಬರ್ಟ್ ನಟಿಸಿರುವ, ಫ್ರಾಂಕ್ ಕಾಪ್ರಾ ನಿರ್ದೇಶಿಸಿದ, ರಾಬರ್ಟ್ ರಿಸ್ಕಿನ್ ಬರೆದ ಈ ಚಿತ್ರ ಬಂದದ್ದು ಎಂಥ ಹೊತ್ತಿನಲ್ಲಿ ಎನ್ನುವುದನ್ನು ಮರೆತರೆ ಆ 39 ಡಾಲರಿನ ತೂಕ ತಿಳಿಯುವುದಿಲ್ಲ. ಚಿತ್ರೀಕರಣ ನಡೆದ 1933ರಲ್ಲಿ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ಆ ವರ್ಷದ ಮಾರ್ಚಿನಲ್ಲಿ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದವರೇ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ದೇಶದ ಬ್ಯಾಂಕುಗಳನ್ನೆಲ್ಲ ಕೆಲವು ದಿನ ಮುಚ್ಚಿಸಿದ್ದು. ಬ್ಯಾಂಕು ಮುಚ್ಚುವುದು ಎಂದರೇನೆಂದು ನನಗೆ ಕೊಂಚ ಗೊತ್ತು. ಸುಳ್ಳು ಸುದ್ದಿಯೊಂದು ಹಬ್ಬಿ ನಮ್ಮ ಸಂಘದ ಬಾಗಿಲಲ್ಲೂ ಒಂದು ಬೆಳಗ್ಗೆ ಠೇವಣಿದಾರರು ಸಾಲುಗಟ್ಟಿ ನಿಂತಿದ್ದರು. ಅವರಲ್ಲಿ ಯಾರೂ ಕೂಗಾಡಲಿಲ್ಲ. ಪಾಸ್‌ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದರು. ಆ ಮೌನ ಇವತ್ತಿಗೂ ಕಿವಿಯಲ್ಲಿದೆ. 1934ರಲ್ಲಿ ಟಿಕೆಟು ಕೊಂಡು ಚಿತ್ರಮಂದಿರದೊಳಗೆ ಕೂತವರು ಅಂಥ ಸಾಲಿನಲ್ಲಿ ನಿಂತು ಬಂದ ಜನ. ಅವರಿಗೆ ನಾಲ್ಕು ಡಾಲರಿನ ಟೋಪಿ ಎಂದರೆ ಏನೆಂದು ವಿವರಿಸಬೇಕಾಗಿರಲಿಲ್ಲ.

ಇಡೀ ಚಿತ್ರದಲ್ಲಿ ದುಡ್ಡು ಕಣ್ಣಿಗೆ ಕಾಣುವಂತೆ ಓಡಾಡುತ್ತದೆ. ಬಸ್ಸಿಗೆ ತಿಂಡಿ ಮಾರುವ ಹುಡುಗ ಬಂದಾಗ ಎಲೀ ಕೈಯೆತ್ತಿ ಚಾಕೊಲೇಟಿನ ಡಬ್ಬಿ ಕೇಳುತ್ತಾಳೆ. ಪೀಟರ್ ಆ ಹುಡುಗನನ್ನು ಹಾಗೆಯೇ ಮುಂದೆ ಕಳಿಸಿಬಿಡುತ್ತಾನೆ. ಇನ್ನು ಮೇಲೆ ನಿನ್ನ ಖರ್ಚಿಗೆ ಮಿತಿಯುಂಟು ಎನ್ನುತ್ತಾನೆ. ಅವಳ ಪೆಟ್ಟಿಗೆ ಕಳುವಾಗಿದೆ, ಕೈಯಲ್ಲಿರುವುದು ಚಿಲ್ಲರೆ. ಆದರೆ ಹುಟ್ಟಿದ ಮೇಲೆ ಬೆಲೆ ಕೇಳಿ ಅಭ್ಯಾಸವಿಲ್ಲ. ಜಾಕ್ಸನ್‌ವಿಲ್‌ನಲ್ಲಿ ಬಸ್ಸು ಅರ್ಧ ಗಂಟೆ ನಿಲ್ಲುತ್ತದೆ ಎಂದರೆ, ನಾನು ಬರುವುದು ತಡವಾಗಬಹುದು, ಕಾಯಿರಿ ಎಂದು ಡ್ರೈವರಿಗೆ ಹೇಳಿ ಹೋಟೆಲಿಗೆ ಹೋಗುವವಳು. ಬಸ್ಸು ಕಾಯುವುದಿಲ್ಲ. ಬಸ್ಸು ಯಾರಿಗೂ ಕಾಯುವುದಿಲ್ಲ ಎನ್ನುವುದು ಆ ಹುಡುಗಿ ಕಲಿಯುವ ಮೊದಲ ಪಾಠ. ಅವಳಿಗಾಗಿ ಬಸ್ಸು ಬಿಟ್ಟು ಕಾಯುತ್ತ ನಿಂತ ಒಬ್ಬ ಮನುಷ್ಯನಿದ್ದಾನೆ ಎನ್ನುವುದು ಎರಡನೆಯದು, ಆದರೆ ಅದನ್ನು ಅವಳು ಆಗ ಗಮನಿಸುವುದಿಲ್ಲ.

ನಮ್ಮ ಕಡೆಯ ರಾತ್ರಿ ಬಸ್ಸುಗಳಲ್ಲಿ ಓಡಾಡಿದ ಯಾರಿಗಾದರೂ ಈ ಚಿತ್ರದ ಬಸ್ಸು ಗುರುತು ಸಿಗುತ್ತದೆ. ಅಪರಿಚಿತರ ಭುಜದ ಮೇಲೆ ಜಾರಿ ಬೀಳುವ ತಲೆ. ಮಾತು ನಿಲ್ಲಿಸದ ಸಹಪ್ರಯಾಣಿಕ. ನಡುರಾತ್ರಿ ಯಾರೋ ಹಾಡು ಹಿಡಿದರೆ ಒಬ್ಬೊಬ್ಬರಾಗಿ ದನಿ ಕೂಡಿಸುವುದು. ಆ ಹಾಡಿನ ದೃಶ್ಯ ಚಿತ್ರದಲ್ಲಿ ಸುಮಾರು ಹೊತ್ತು ನಡೆಯುತ್ತದೆ. ಕಥೆಗೆ ಅದರಿಂದ ಏನೂ ಆಗಬೇಕಾಗಿಲ್ಲ. ಡ್ರೈವರ್ ಕೂಡ ಹಾಡಿನಲ್ಲಿ ಮೈಮರೆತು ಬಸ್ಸನ್ನು ರಸ್ತೆಯ ಪಕ್ಕಕ್ಕೆ ಇಳಿಸಿಬಿಡುತ್ತಾನೆ. ಎಲ್ಲರೂ ನಗುತ್ತಿರುವಾಗಲೇ ಹಿಂದಿನಿಂದ ಒಬ್ಬ ಹುಡುಗನ ಅಳು ಕೇಳುತ್ತದೆ. ಅವನ ತಾಯಿ ಪ್ರಜ್ಞೆ ತಪ್ಪಿ ಬಿದ್ದಿದ್ದಾಳೆ. ಹೊಟ್ಟೆಗೆ ಏನೂ ತಿಂದಿಲ್ಲ. ನ್ಯೂಯಾರ್ಕಿನಲ್ಲಿ ಕೆಲಸ ಸಿಗಬಹುದೆಂದು ಇದ್ದದ್ದನ್ನೆಲ್ಲ ಟಿಕೆಟಿಗೆ ಹಾಕಿದ್ದಾಳೆ. ನಗುವಿನಿಂದ ಹಸಿವಿಗೆ ಒಂದು ಉಸಿರಿನ ದೂರವೂ ಇಲ್ಲ. ಪೀಟರನ ಜೇಬಿನ ನೋಟು ಹುಡುಗನ ಕೈಗೆ ಹೋಗುತ್ತದೆ. ಅಲ್ಲಿಂದ ಮುಂದೆ ಇವರಿಬ್ಬರೂ ಬರಿಗೈ.

ಈಗ ಕಂಬಳಿಯ ವಿಷಯ. ಈ ಚಿತ್ರವೆಂದರೆ ಎಲ್ಲರಿಗೂ ನೆನಪಾಗುವುದು ಅದೇ.

ಬಸ್ಸಿನ ಆ ಹಾಡಿಗೂ ಮುಂಚಿನ ರಾತ್ರಿ ಮಳೆಯಿಂದ ಮುಂದಿನ ಸೇತುವೆ ಕೊಚ್ಚಿಹೋಗಿ ಬಸ್ಸು ನಿಲ್ಲುತ್ತದೆ. ರಸ್ತೆ ಬದಿಯಲ್ಲಿ ಬಾಡಿಗೆಗೆ ಕೊಡುವ ಪುಟ್ಟ ಕೋಣೆಗಳಿವೆ. ಎರಡು ಕೋಣೆಗೆ ಹಣವಿಲ್ಲ. ಗಂಡ ಹೆಂಡತಿ ಎಂದು ಹೇಳಿ ಒಂದನ್ನು ಹಿಡಿಯುತ್ತಾರೆ. ಎರಡು ಮಂಚ. ನಡುವೆ ಪೀಟರ್ ಒಂದು ಹಗ್ಗ ಕಟ್ಟಿ ಅದರ ಮೇಲೆ ಕಂಬಳಿ ಇಳಿಬಿಡುತ್ತಾನೆ. ಇದು ಜೆರಿಕೋದ ಗೋಡೆ ಎನ್ನುತ್ತಾನೆ. ಬೈಬಲಿನಲ್ಲಿ ಜೋಶುವಾ ತುತ್ತೂರಿ ಊದಿಸಿ ಉರುಳಿಸಿದ ಕೋಟೆಯ ಗೋಡೆ ಅದು. ಹೆದರಬೇಡ, ನನ್ನ ಬಳಿ ತುತ್ತೂರಿಯಿಲ್ಲ ಎಂದು ಸೇರಿಸುತ್ತಾನೆ. ತನ್ನ ಪೈಜಾಮವನ್ನು ಅವಳಿಗೆ ಕೊಡುತ್ತಾನೆ. ದೀಪ ಆರಿದ ಮೇಲೆ ಕಿಟಕಿಯ ಗಾಜಿನ ಮೇಲೆ ಮಳೆನೀರು ಇಳಿಯುತ್ತಿರುತ್ತದೆ. ಕಂಬಳಿಯ ಆ ಕಡೆಯಿಂದ ಅವಳು ಕಳಚಿ ಹಗ್ಗದ ಮೇಲೆ ಎಸೆದ ಬಟ್ಟೆ ಈ ಕಡೆ ಕಾಣಿಸುತ್ತದೆ. ಅದನ್ನು ದಯವಿಟ್ಟು ತೆಗೆದುಬಿಡು ಎಂದು ಇವನು ಕೇಳಿಕೊಳ್ಳುತ್ತಾನೆ. ಅಷ್ಟೇ. ನಿದ್ದೆ ಯಾರಿಗೂ ಬರುವುದಿಲ್ಲ, ನೋಡುವವರಿಗೂ ಸೇರಿ.

ಈ ಚಿತ್ರದಲ್ಲಿ ಅವರಿಬ್ಬರೂ ಒಮ್ಮೆಯೂ ಮುತ್ತಿಡುವುದಿಲ್ಲ. ಹುಲ್ಲಿನ ಮೆದೆಯ ರಾತ್ರಿ ಎರಡು ಮುಖಗಳು ಹತ್ತಿರ ಬಂದು, ಬಂದು, ಹಿಂದೆ ಸರಿಯುತ್ತವೆ. ಹಾಲಿವುಡ್‌ನ ನೀತಿಸಂಹಿತೆಯ ಭಯದಿಂದ ಹೀಗೆ ಮಾಡಿದರು ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಆ ಸಂಹಿತೆಯನ್ನು ಬಿಗಿಯಾಗಿ ಜಾರಿಗೊಳಿಸಿದ್ದು 1934ರ ಜುಲೈಯಲ್ಲಿ. ಈ ಚಿತ್ರ ಫೆಬ್ರುವರಿಯಲ್ಲೇ ತೆರೆ ಕಂಡಿತ್ತು. ಅದೇ ಕಾಲದ ಬೇರೆ ಚಿತ್ರಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿನದು ನಡೆದುಹೋಗಿದೆ. ಕಾಪ್ರಾ ಮತ್ತು ರಿಸ್ಕಿನ್ ಬೇಕೆಂದೇ ಗೋಡೆ ಕಟ್ಟಿದರು. ಒಂದು ಕಂಬಳಿಗೆ ಇಷ್ಟು ಕೆಲಸ ಕೊಟ್ಟ ಚಿತ್ರ ಇನ್ನೊಂದಿಲ್ಲ.

ಆದರೆ ನನಗೆ ಕಂಬಳಿಯ ರಾತ್ರಿಗಿಂತ ಮರುದಿನದ ಬೆಳಗು ಇಷ್ಟ. ಅವಳು ಏಳುವ ಹೊತ್ತಿಗೆ ಅವನು ಹೊರಗೆ ಹೋಗಿ ಬಂದಿದ್ದಾನೆ. ಅವಳ ಬಟ್ಟೆಗೆ ಇಸ್ತ್ರಿ ಮಾಡಿಸಿ ತಂದಿದ್ದಾನೆ. ಒಲೆಯ ಮೇಲೆ ಮೊಟ್ಟೆ ಬೇಯುತ್ತಿದೆ. ಅವಳು ಅವನ ಬಟ್ಟೆಯಲ್ಲೇ ಸಾಮೂಹಿಕ ಬಚ್ಚಲಿನ ಮುಂದೆ ಹೋಗುತ್ತಾಳೆ. ಸಾಲು ಬಿಟ್ಟು ನುಗ್ಗಲು ಹೊರಟವಳಿಗೆ ಅಲ್ಲಿನ ಹೆಂಗಸರು ಸರಿಯಾಗಿ ಬುದ್ಧಿ ಕಲಿಸುತ್ತಾರೆ. ಮರಳಿ ಬಂದು ಕೂತು ಡೋನಟ್ಟನ್ನು ಕಾಫಿಗೆ ಅದ್ದುತ್ತಾಳೆ. ಅದು ಕಾಫಿಯಲ್ಲೇ ಕೂತಿರುತ್ತದೆ. ಪೀಟರ್ ತಡೆಯಲಾರದೆ ಹೇಳಿಕೊಡುತ್ತಾನೆ: ಅದ್ದುವುದು ಒಂದು ಕಲೆ, ಹೆಚ್ಚು ಹೊತ್ತು ಬಿಡಬಾರದು, ಅದ್ದಿದ ಕೂಡಲೇ ಬಾಯಿಗೆ ಹಾಕಬೇಕು, ಇಲ್ಲದಿದ್ದರೆ ಮೆತ್ತಗಾಗಿ ಮುರಿದು ಬೀಳುತ್ತದೆ. ಚಹಾದಲ್ಲಿ ರಸ್ಕು ಮುರಿದು ಬಿದ್ದು, ಅದನ್ನು ಚಮಚದಲ್ಲಿ ಹಿಡಿಯಲು ಹೋಗಿ ಸೋತವರಿಗೆಲ್ಲ ಈ ಉಪದೇಶದ ಬೆಲೆ ಗೊತ್ತು. ಅಷ್ಟು ಆಸ್ತಿಯಿದ್ದೂ ಅದ್ದಲು ಬರುವುದಿಲ್ಲವಲ್ಲ ಎಂದು ಅವನು ಕೆಣಕುತ್ತಾನೆ. ನಲ್ಲಿ ರಿಪೇರಿಯವನ ಮಗಳಾಗಿದ್ದರೆ ಚೆನ್ನಾಗಿತ್ತು, ಯಾವಾಗ ಬೇಕಾದರೂ ಅದಲು ಬದಲು ಮಾಡಿಕೊಳ್ಳಲು ನಾನು ತಯಾರು ಎಂದು ಅವಳು ಅನ್ನುತ್ತಾಳೆ.

ಅವಳ ಬಾಯಿಂದ ಆ ಮಾತು ಬಿದ್ದು ಹೆಚ್ಚು ಹೊತ್ತಾಗಿರುವುದಿಲ್ಲ, ಅಪ್ಪ ನೇಮಿಸಿದ ಪತ್ತೇದಾರರು ಬಾಗಿಲು ತಟ್ಟುತ್ತಾರೆ. ಪೀಟರ್ ಅವಳ ಕೂದಲು ಕೆದರುತ್ತಾನೆ. ಇಬ್ಬರೂ ಗಂಡ ಹೆಂಡತಿಯ ಜಗಳ ಶುರು ಹಚ್ಚುತ್ತಾರೆ. ಏನು ಜಗಳ ಅಂತೀರಿ! ಹಿಂದೆಂದೋ ಯಾವುದೋ ನೃತ್ಯಕೂಟದಲ್ಲಿ ಯಾರೋ ಇವಳ ಹಿಂದೆ ಬಿದ್ದಿದ್ದ ಹಳೆಯ ಕೋಪವನ್ನೆಲ್ಲ ಹೊರಗೆ ತೆಗೆಯುತ್ತಾರೆ. ನಲ್ಲಿ ರಿಪೇರಿಯವನ ಮಗಳು ಎಂದಿದ್ದರೂ ನಲ್ಲಿ ರಿಪೇರಿಯವನ ಮಗಳೇ ಎಂದು ಅವನು ಕಿರುಚುತ್ತಾನೆ. ಅವಳು ಗೊಳೋ ಎಂದು ಅಳುತ್ತಾಳೆ. ಪತ್ತೇದಾರರು ಮುಜುಗರಪಟ್ಟು ಹಿಂದೆ ಸರಿಯುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಅವಳಿಗೆ ಅವನು ಗುಂಡಿ ಹಾಕಿಕೊಡುತ್ತಾನೆ. ನನ್ನ ಲೆಕ್ಕದಲ್ಲಿ ಅವರ ಮದುವೆ ಆದದ್ದು ಆಗಲೇ. ಹತ್ತು ವರ್ಷ ಸಂಸಾರ ಮಾಡಿದವರು ಮಾತ್ರ ಆಡಬಲ್ಲಂಥ ಜಗಳವನ್ನು ಮೊದಲ ರಾತ್ರಿಯೂ ಕಳೆಯದೆ ಆಡಿ ಮುಗಿಸಿದ್ದಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಎಲ್ಲಿ ಸೇರಬೇಕು ಎಂಬ ತಾಳ ತಪ್ಪದೆ. ಈ ದೃಶ್ಯ ಬಂದಾಗ ನನ್ನ ಹೆಂಡತಿ ಎಲ್ಲಿದ್ದರೂ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಾಳೆ. ಮುಗಿದ ಕೂಡಲೇ ಒಳಗೆ ಹೋಗುತ್ತಾಳೆ.

ಹಾಗೆ ನೋಡಿದರೆ ಈ ಚಿತ್ರ ಯಾರಿಗೂ ಬೇಕಾಗಿರಲಿಲ್ಲ. ಸ್ಯಾಮ್ಯುಯೆಲ್ ಹಾಪ್‌ಕಿನ್ಸ್ ಆಡಮ್ಸ್ ಬರೆದ ‘ನೈಟ್ ಬಸ್’ ಎಂಬ ಕಥೆಯನ್ನು ಕೊಂಡ ಕೊಲಂಬಿಯಾ ಆಗ ದೊಡ್ಡವರ ಸಾಲಿನ ಸಂಸ್ಥೆಯಲ್ಲ. ನಟಿ ಮಿರ್ನಾ ಲಾಯ್ ಒಲ್ಲೆ ಎಂದರು, ನಟ ರಾಬರ್ಟ್ ಮಾಂಟ್‌ಗೊಮರಿ ಒಲ್ಲೆ ಎಂದರು. ಗೇಬಲ್ ಅವರನ್ನು ಎಂಜಿಎಂ ಸಂಸ್ಥೆ ಎರವಲು ಕೊಟ್ಟಿತು. ಅದು ಶಿಕ್ಷೆಯಾಗಿ ಕೊಟ್ಟದ್ದು ಎಂಬ ಕಥೆ ಪ್ರಸಿದ್ಧ. ಕೋಲ್ಬರ್ಟ್ ತಮ್ಮ ಎಂದಿನ ಸಂಭಾವನೆಯ ಎರಡರಷ್ಟು, 50,000 ಡಾಲರ್ ಕೇಳಿದರು. ಕ್ರಿಸ್‌ಮಸ್‌ಗೆ ರಜೆ ಹೋಗಬೇಕು, ನಾಲ್ಕು ವಾರದಲ್ಲಿ ಮುಗಿಸಬೇಕು ಎಂದರು. ಮುಗಿಸಿದರು. ಜಗತ್ತಿನ ಅತಿ ಕೆಟ್ಟ ಚಿತ್ರವನ್ನು ಮುಗಿಸಿ ಬಂದೆ ಎಂದು ಗೆಳೆಯರ ಮುಂದೆ ಹೇಳಿಕೊಂಡರಂತೆ. ರಸ್ತೆಯಲ್ಲಿ ಕಾರು ನಿಲ್ಲಿಸಲು ಎಲೀ ಲಂಗ ಎತ್ತಿ ಕಾಲು ತೋರಿಸುವ ದೃಶ್ಯಕ್ಕೂ ಅವರು ಮೊದಲು ಒಪ್ಪಿರಲಿಲ್ಲ. ಬದಲಿಗೆ ಬೇರೊಬ್ಬ ಹುಡುಗಿಯ ಕಾಲನ್ನು ಚಿತ್ರೀಕರಿಸಲು ಕರೆಸಿದ್ದನ್ನು ನೋಡಿ, ಅದು ನನ್ನ ಕಾಲಲ್ಲ, ನಾನೇ ಮಾಡುತ್ತೇನೆ ಎಂದರೆಂದು ಕಾಪ್ರಾ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

1935ರ ಫೆಬ್ರುವರಿಯಲ್ಲಿ ಆಸ್ಕರ್ ಸಮಾರಂಭದ ದಿನ ಕೋಲ್ಬರ್ಟ್ ರೈಲು ಹತ್ತಲು ಹೊರಟಿದ್ದರು. ಬಹುಮಾನ ಬರುವ ಭರವಸೆ ಅಷ್ಟಿತ್ತು. ನಿಲ್ದಾಣದಿಂದ ಅವರನ್ನು ಕರೆತಂದರು. ಪ್ರಯಾಣದ ಉಡುಪಿನಲ್ಲೇ ವೇದಿಕೆ ಹತ್ತಿ ಪ್ರಶಸ್ತಿ ಹಿಡಿದು ಮತ್ತೆ ರೈಲಿಗೆ ಓಡಿದರು. ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಈ ಐದೂ ಅದಕ್ಕೇ ಬಂದವು. ಹಾಗೆ ಐದನ್ನೂ ಬಾಚಿದ ಮೊದಲ ಚಿತ್ರ ಅದು. ಎರಡನೆಯದು ಬರಲು ನಲವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಇನ್ನೊಂದು ಪುರಾಣವನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಪೀಟರ್ ಶರ್ಟು ಕಳಚಿದಾಗ ಒಳಗೆ ಬನಿಯನ್ ಇರುವುದಿಲ್ಲ. ಅದನ್ನು ನೋಡಿ ಅಮೆರಿಕದ ಗಂಡಸರೆಲ್ಲ ಬನಿಯನ್ ಬಿಟ್ಟರು, ಕಾರ್ಖಾನೆಗಳು ದಿವಾಳಿಯಾದವು ಎಂದು ಪ್ರತಿಯೊಬ್ಬರೂ ಹೇಳುತ್ತಾರೆ. ಯಾವ ಕಾರ್ಖಾನೆಯ ಲೆಕ್ಕಪುಸ್ತಕವನ್ನೂ ಯಾರೂ ತೋರಿಸಿಲ್ಲ. ವೋಚರ್ ಇಲ್ಲದ ಖರ್ಚನ್ನು ನಾನು ಒಪ್ಪಿದವನಲ್ಲ.

ಚಿತ್ರದಲ್ಲಿ ತಪ್ಪುಗಳಿಲ್ಲವೆಂದಲ್ಲ. ಕಳೆದ ಸಲ ನನ್ನ ತಂಗಿಯ ಮಗಳು ಬಂದಿದ್ದಳು. ಬೆಂಗಳೂರಿನಲ್ಲಿ ಕೆಲಸ, ನೇರ ಮಾತು. ಹೊಳೆ ದಾಟಿಸಲು ಪೀಟರ್ ಎಲೀಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುವಾಗ ಅವಳ ಬೆನ್ನ ಕೆಳಗೆ ಒಂದು ಏಟು ಹಾಕುತ್ತಾನಲ್ಲ, ಅಲ್ಲಿ ಅವಳು ಹುಬ್ಬು ಗಂಟಿಕ್ಕಿದಳು. ಇವಳಿಗೆ ದಿನಕ್ಕೊಂದು ಏಟು ಕೊಡುವ ಗಂಡಸು ಬೇಕು ಎಂದು ಅವನು ಅಪ್ಪನ ಮುಂದೆ ಹೇಳುವಾಗ ನೇರವಾಗಿ ನನ್ನ ಮುಖವನ್ನೇ ನೋಡಿದಳು. “ಇದಕ್ಕೆ ಏನು ಹೇಳುತ್ತೀರಿ ಮಾವ?” ಹೇಳಲು ಏನೂ ಇಲ್ಲ. ತಮಾಷೆಯೆಂದುಕೊಂಡು ಬರೆದ ಮಾತು ಅದು, ಈಗ ತಮಾಷೆಯಾಗಿ ಕೇಳಿಸುವುದಿಲ್ಲ. ಅದನ್ನು ನಾನು ಸಮರ್ಥಿಸುವುದಿಲ್ಲ.

ನನ್ನ ತಕರಾರು ಬೇರೆ. ಕೊನೆಯ ರಾತ್ರಿ ಎಲೀ ಕಂಬಳಿ ದಾಟಿ ಬಂದು ನನ್ನನ್ನು ಕರೆದುಕೊಂಡು ಹೋಗು ಎನ್ನುತ್ತಾಳೆ. ಅವನು ಹೋಗಿ ಮಲಗು ಎನ್ನುತ್ತಾನೆ. ಆಮೇಲೆ ಮನಸ್ಸು ಬದಲಾಗಿ ಕರೆಯುವಷ್ಟರಲ್ಲಿ ಅವಳಿಗೆ ನಿದ್ದೆ. ಬರಿಗೈಯಲ್ಲಿ ಮದುವೆಯ ಮಾತೆತ್ತುವುದು ಹೇಗೆಂದು ಅವನು ರಾತ್ರೋರಾತ್ರಿ ನ್ಯೂಯಾರ್ಕಿಗೆ ಓಡಿ, ಸಂಪಾದಕನಿಗೆ ಇದೇ ಕಥೆಯನ್ನು ಬರೆದುಕೊಟ್ಟು ಸಾವಿರ ಡಾಲರ್ ತರುತ್ತಾನೆ. ಒಂದು ಚೀಟಿ ಬರೆದಿಟ್ಟು ಹೋಗಬಾರದಿತ್ತೇ? ವೃತ್ತಿಯಲ್ಲಿ ಬರಹಗಾರ! ಕೋಣೆಯ ಮಾಲೀಕರು ಅವಳನ್ನು ಎಬ್ಬಿಸಿ, ನಿನ್ನವನು ಕಾರು ಸಮೇತ ಓಡಿಹೋದ, ಹಣವಿಲ್ಲದಿದ್ದರೆ ನೀನೂ ಹೊರಡು ಎಂದು ಹೊರಗೆ ಹಾಕುತ್ತಾರೆ. ಅವಳು ಅಪ್ಪನಿಗೆ ಫೋನು ಮಾಡುತ್ತಾಳೆ, ಆ ಷೋಕಿದಾರನ ಜೊತೆಗಿನ ಮದುವೆಯನ್ನೇ ಮತ್ತೆ ವಿಧಿಪೂರ್ವಕವಾಗಿ ಮಾಡಿಕೊಳ್ಳಲು ಒಪ್ಪುತ್ತಾಳೆ. ಇಷ್ಟೆಲ್ಲ ಅನರ್ಥ ಒಂದು ತುಂಡು ಕಾಗದ ಇಲ್ಲದ್ದಕ್ಕೆ. ಅವನು ಕೊನೆಗೂ ಕಾಗದ ಬರೆಯುವುದು ಆ 39 ಡಾಲರಿನ ಬಿಲ್ಲು. ಆ ಸಾವಿರವನ್ನು ಅವನು ಸಂಪಾದಕನಿಗೆ ಹಿಂದಿರುಗಿಸಿಬಿಟ್ಟಿರುತ್ತಾನೆ ಎನ್ನುವುದನ್ನೂ ಇಲ್ಲಿ ನೆನಪಿಡಬೇಕು. ಕಥೆ ಅಚ್ಚಾಗಲಿಲ್ಲ, ಹಣ ಇಟ್ಟುಕೊಳ್ಳಲಿಲ್ಲ. ಆದರೆ ತನ್ನ ಟೋಪಿಯ ನಾಲ್ಕು ಡಾಲರನ್ನು ಬಿಡಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎನ್ನುವ ಲೋಕದಲ್ಲಿ ಅವನಿಗೆ ಕೋಡಂಗಿಯಾಗಲೂ ಮನಸ್ಸಿಲ್ಲ, ಈರಭದ್ರನಾಗಲೂ ಮನಸ್ಸಿಲ್ಲ. ಮೋಸಹೋದೆ ಎಂದು ನಂಬಿರುವ ಮನುಷ್ಯ ತನ್ನ ಮಾನವನ್ನು ಇನ್ನು ಹೇಗೆ ಕಾಪಾಡಿಕೊಳ್ಳಬೇಕು? ಬೈದರೆ ಸಣ್ಣವನಾಗುತ್ತಾನೆ, ಅತ್ತರೂ ಸಣ್ಣವನಾಗುತ್ತಾನೆ. ಸರಿಯಾದ ಮೊತ್ತ ಕೇಳಿ ಪಡೆದರೆ ಋಣ ಹರಿಯುತ್ತದೆ. ಹರಿಯಿತೆಂದು ಅವನು ತೋರಿಸಿಕೊಳ್ಳಬಹುದು.

ಅವನ ಕೆಲಸಕ್ಕೆ ಹತ್ತು ಸಾವಿರವೂ ಕಡಿಮೆ ಎಂದು ಅಪ್ಪನಿಗೆ ಆ ಕ್ಷಣ ಗೊತ್ತಾಗುತ್ತದೆ. ಮದುವೆ ಮಂಟಪದತ್ತ ಮಗಳ ಕೈ ಹಿಡಿದು ನಡೆಸುತ್ತ, ಹಿಂದಿನ ಗೇಟಿನಲ್ಲಿ ನಿನ್ನ ಕಾರು ನಿಂತಿದೆ ಎಂದು ಪಿಸುಗುಡುತ್ತಾನೆ. ಅವಳು ಉದ್ದನೆಯ ಬಿಳಿ ಮುಸುಕನ್ನು ಹುಲ್ಲಿನ ಮೇಲೆ ಎಳೆದುಕೊಂಡು ಓಡುತ್ತಾಳೆ. ಆ ಓಟವನ್ನು ಆಮೇಲೆ ಎಷ್ಟು ಚಿತ್ರಗಳು ಕದ್ದಿವೆ ಎನ್ನುವುದಕ್ಕೆ ನನ್ನ ಹತ್ತಿರ ಲೆಕ್ಕವಿಲ್ಲ.

ಕದ್ದದ್ದು ಓಟವನ್ನು ಮಾತ್ರವಲ್ಲ. ಇಡೀ ಕಥೆ ನಮ್ಮ ದೇಶಕ್ಕೆ ಮತ್ತೆ ಮತ್ತೆ ಬಂದಿದೆ. 1956ರಲ್ಲಿ ರಾಜ್ ಕಪೂರ್ ಮತ್ತು ನರ್ಗಿಸ್ ಅವರ ‘ಚೋರಿ ಚೋರಿ’, 1991ರಲ್ಲಿ ಆಮಿರ್ ಖಾನ್ ಮತ್ತು ಪೂಜಾ ಭಟ್ ಅವರ ‘ದಿಲ್ ಹೈ ಕಿ ಮಾನತಾ ನಹೀಂ’. ಕನ್ನಡದಲ್ಲಿ 2007ರಲ್ಲಿ ಬಂದ ಗಣೇಶ್ ಅವರ ‘ಹುಡುಗಾಟ’ದಲ್ಲೂ ಇದೇ ಕಥೆಯ ನೆರಳಿದೆ. ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬರು ‘ಚೋರಿ ಚೋರಿ’ಯ ಹಾಡುಗಳು ಮೂಲ ಚಿತ್ರಕ್ಕಿಂತ ಮೇಲೆಂದು ವಾದಿಸುತ್ತಾರೆ, ನಾನು ಜಗಳವಾಡುವುದಿಲ್ಲ. ಶಂಕರ್ ಜೈಕಿಶನ್ ಅವರ ಹಾಡಿನ ಮುಂದೆ ಯಾರ ಜೊತೆ ಜಗಳವಾಡುವುದು? ಆದರೆ ಹಾಡು ಬಂದರೆ ಹೊಟ್ಟೆ ಹಸಿಯುವುದಿಲ್ಲ ನೋಡಿ. ಮೂಲ ಚಿತ್ರದಲ್ಲಿ ಪೀಟರ್ ಕೊಡುವ ಹಸಿ ಗಜ್ಜರಿಯನ್ನು ಎಲೀ ಮೂಗು ಮುರಿದು ಬೇಡವೆನ್ನುತ್ತಾಳೆ. ಆಮೇಲೆ ಹಸಿವು ತಡೆಯಲಾರದೆ ಅದೇ ಗಜ್ಜರಿಯನ್ನು ಕೈಗೆತ್ತಿಕೊಂಡು ಕಚ್ಚುತ್ತಾಳೆ. ಆ ‘ಕಟುಂ’ ಎನ್ನುವ ಸದ್ದಿನಲ್ಲಿ ಅವಳು ಅವನನ್ನು ಒಪ್ಪಿಕೊಂಡುಬಿಟ್ಟಳೆಂದು ನಮಗೆ ತಿಳಿಯುತ್ತದೆ. ಅಲ್ಲಿ ಪಿಟೀಲು ಹಾಕಿದರೆ ಕೆಟ್ಟಿತು.

ಕೊನೆಯ ದೃಶ್ಯದಲ್ಲಿ ನಾಯಕ ನಾಯಕಿ ಕಾಣಿಸುವುದೇ ಇಲ್ಲ. ಮತ್ತೊಂದು ಬಾಡಿಗೆ ಕೋಣೆ, ಹೊರಗೆ ಅದರ ಮಾಲೀಕ ಮತ್ತು ಅವನ ಹೆಂಡತಿ. ಈ ಬಿಸಿಯಲ್ಲಿ ಕಂಬಳಿ ಯಾಕೆ ಕೇಳಿದರೋ ಎಂದು ಅವರಿಗೆ ಸೋಜಿಗ. ಹಗ್ಗ ಬೇರೆ. ಆಟದ ತುತ್ತೂರಿಯನ್ನೂ ತರಿಸಿಕೊಂಡಿದ್ದಾರೆ. ಒಳಗಿನಿಂದ ತುತ್ತೂರಿಯ ಸದ್ದು ಬರುತ್ತದೆ, ಕಂಬಳಿ ನೆಲಕ್ಕೆ ಬೀಳುತ್ತದೆ, ದೀಪ ಆರುತ್ತದೆ.

ಕಳೆದ ಸಲ ದೀಪ ಹಾಕಿದ ಮೇಲೂ ತಂಗಿಯ ಮಗಳು ಏಳಲಿಲ್ಲ. ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದಳು. ಬೇಸರವಾಗಿರಬೇಕು ಎಂದುಕೊಂಡೆ. ಅವಳು ಆ ಬಿಲ್ಲನ್ನು ಕೂಡಿಸುತ್ತಿದ್ದಳು. ಎಂಟು ಅರವತ್ತು, ಹದಿನೈದು, ಏಳೂವರೆ, ನಾಲ್ಕು, ನಾಲ್ಕೂವರೆ.

“ಮೊತ್ತ ಸರಿಯಾಗಿದೆ ಮಾವ. ಆದರೆ ಒಂದು ಬಾಬ್ತು ಬಿಟ್ಟುಹೋಗಿದೆ.”

“ಯಾವುದು?”

“ಬಸ್ಸಿನಲ್ಲಿ ಆ ಹುಡುಗನಿಗೆ ಕೊಟ್ಟರಲ್ಲ. ಅದನ್ನು ಅವನು ಬರೆದೇ ಇಲ್ಲ.”

ಆಡಿಟ್‌ನಲ್ಲಿ ಮೂರು ಪೈಸೆಯ ವ್ಯತ್ಯಾಸಕ್ಕೆ ರಾತ್ರಿಯೆಲ್ಲ ಕೂತವನು ನಾನು. ಇಷ್ಟು ವರ್ಷ ನೋಡಿದ್ದೇನೆ, ಇದು ಕಣ್ಣಿಗೆ ಬಿದ್ದಿರಲಿಲ್ಲ. ರಿಮೋಟು ಅವಳ ಕೈಯಲ್ಲಿತ್ತು. ಬಸ್ಸಿನ ಹಾಡು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಹಿಂದೆ ಹೋಗು ಎಂದೆ.